ಹಳೇ ಕಾರಿನ ಮುಗ್ಗು ವಾಸನೆ: ಪರ್ಫ್ಯೂಮ್ ಇಡೋ ಮೊದಲು ಮ್ಯಾಟ್ ಎತ್ತಿ ನೋಡಿ

ತೀರ್ಥಹಳ್ಳಿ: ತಾಲ್ಲೂಕಿನ ಅಡಿಕೆ ತೋಟದ ಮನೆಗಳಲ್ಲಿ, ಪೇಟೆಯ ಹಳೇ ಅಂಗಡಿಗಳ ಹಿಂಭಾಗದ ಶೆಡ್ಡುಗಳಲ್ಲಿ ಅಂಬಾಸಿಡರ್ ಅಥವಾ ಪ್ರೀಮಿಯರ್ ಪದ್ಮಿನಿ ನಿಂತಿರೋದು ಈಗಲೂ ಅಪರೂಪವೇನಲ್ಲ. ಅಜ್ಜನ ಕಾಲದ ಗಾಡಿ. ಮಾರೋಕೆ ಮನಸ್ಸಿಲ್ಲ, ದಿನಾ ಓಡಿಸೋಕೆ ಆಗಲ್ಲ. ಮಳೆಗಾಲ ಮುಗಿದು ಬಾಗಿಲು ತೆಗೆದರೆ ಮೊದಲು ಮೂಗಿಗೆ ಹೊಡೆಯೋದು ಮುಗ್ಗು ವಾಸನೆ. ದೀಪಾವಳಿಗೆ ಊರಿಗೆ ಬಂದ ಮಕ್ಕಳು ಹಿಂದಿನ ಸೀಟಲ್ಲಿ ಕೂತ ಐದೇ ನಿಮಿಷಕ್ಕೆ ಗ್ಲಾಸ್ ಇಳಿಸಿ ಅಂತಾರೆ. ಮಾರನೇ ದಿನ ಡ್ಯಾಶ್‌ಬೋರ್ಡ್ ಮೇಲೆ ಮಲ್ಲಿಗೆ ವಾಸನೆಯ ಡಬ್ಬಿ ಬಂದು ಕೂರುತ್ತೆ. ವಾರ ಕಳೆಯೋದರೊಳಗೆ ಮಲ್ಲಿಗೆಯೂ ಮುಗ್ಗೂ ಸೇರಿ ಮೂರನೇದೊಂದು ವಾಸನೆ ಶುರುವಾಗುತ್ತೆ. ಅದು ಮೊದಲಿನದಕ್ಕಿಂತ ಕೆಟ್ಟದು.

ಈ ವಾಸನೆಯನ್ನು ಬರೀ ಕಿರಿಕಿರಿ ಅಂತ ತಿಳಿಯೋದು ತಪ್ಪು. ಕಾರಿನೊಳಗೆ ಎಲ್ಲೋ ನೀರು ನಿಂತಿದೆ ಅನ್ನೋದಕ್ಕೆ ಅದೇ ಗುರುತು. ಆ ನೀರು ಬೂಷ್ಟು ಬೆಳೆಸುತ್ತೆ, ಜೊತೆಗೇ ಮ್ಯಾಟ್ ಕೆಳಗಿನ ತಗಡನ್ನೂ ತಿನ್ನುತ್ತೆ. ಅಂಬಾಸಿಡರ್ ಆಗಲಿ, ಪದ್ಮಿನಿ ಆಗಲಿ, ಜೀಪು-ಲಾರಿಯ ಹಾಗೆ ಬೇರೆ ಚಾಸಿ ಮೇಲೆ ಬಾಡಿ ಕೂರಿಸಿದ ಗಾಡಿಗಳಲ್ಲ. ಬಾಡಿಯೇ ಚಾಸಿ, ಕಾಲಿಡುವ ತಗಡೇ ಗಾಡಿಯ ಬಲ. ಅದು ತುಕ್ಕು ಹಿಡಿದು ಕೈಯಲ್ಲಿ ಪುಡಿಯಾಗುವ ಹಂತಕ್ಕೆ ಬಂದರೆ ರಿಪೇರಿ ವೆಚ್ಚ ಎಷ್ಟೋ ಸಲ ಕಾರಿನ ಬೆಲೆಯನ್ನೇ ಮೀರುತ್ತೆ. ಒಳ್ಳೇ ಎಂಜಿನ್ ಇರುವ ಗಾಡಿಗಳು ಗುಜರಿಗೆ ಹೋಗೋದು ಹೀಗೆ. ಅಂಬಾಸಿಡರ್ ತಯಾರಿಕೆ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ 2014ರಲ್ಲೇ ನಿಂತಿದೆ, ಮುಂಬೈನ ಕುರ್ಲಾದಲ್ಲಿ ತಯಾರಾಗುತ್ತಿದ್ದ ಪದ್ಮಿನಿ ಅದಕ್ಕೂ ಮೊದಲೇ ನಿಂತಿತ್ತು. ಕೈಬಿಟ್ಟರೆ ಮತ್ತೆ ಸಿಗುವ ಸಾಮಾನಲ್ಲ.

ಮನೆಯವರ ಆರೋಗ್ಯದ ಮಾತೂ ಇದೆ. ಬೂಷ್ಟಿನ ಕಣ ಉಸಿರಿಗೆ ಹೋದರೆ ಅಸ್ತಮಾ, ಅಲರ್ಜಿ ಇರುವವರಿಗೆ ಕೆಮ್ಮು, ಉಬ್ಬಸ ಏಳುತ್ತೆ. ಮುದುಕರನ್ನು ಆಸ್ಪತ್ರೆಗೆ ಕರೆದೊಯ್ಯಲು ಇದೇ ಕಾರು ತೆಗೆಯುವ ಮನೆಗಳು ಇದನ್ನು ಗಮನದಲ್ಲಿಟ್ಟುಕೊಳ್ಳಬೇಕು.

ವಾಸನೆ ಯಾವುದು, ಮೊದಲು ಗೊತ್ತಾಗಲಿ

ಎಲ್ಲಾ ಕೆಟ್ಟ ವಾಸನೆಯೂ ಮುಗ್ಗಲ್ಲ. ಒದ್ದೆ ಗೋಣಿಚೀಲ, ಒಣಗದ ಬಟ್ಟೆಯ ವಾಸನೆ ಬಂದರೆ ಅದು ಬೂಷ್ಟು. ಮೂಗು ಚುರುಗುಟ್ಟಿಸುವ ಉಚ್ಚೆ ವಾಸನೆ ಬಂದರೆ ಇಲಿ ಗೂಡು ಕಟ್ಟಿದೆ ಅಂತ ಅರ್ಥ. ಸೀಟಿನ ಕೆಳಗೆ, ಡ್ಯಾಶ್‌ಬೋರ್ಡ್ ಹಿಂದೆ ಹುಡುಕಬೇಕು, ವೈರು ಕಡಿದಿದೆಯಾ ನೋಡಬೇಕು. ಹಿಂದೆ ಅಂಗಡಿ ಸಾಮಾನು ಸಾಗಿಸಿದ ಗಾಡಿಯಾದರೆ ಡಿಕ್ಕಿಯ ಮೂಲೆಯಲ್ಲಿ ಕರಗಿದ ಬೆಲ್ಲವೋ, ಒಣಮೀನಿನ ಚೂರೋ, ಚೆಲ್ಲಿದ ಹಾಲೋ ಹುಳಿಯುತ್ತಿರಬಹುದು. ಇವಕ್ಕೆ ಸೋಪುನೀರಲ್ಲಿ ತಿಕ್ಕಿ ತೊಳೆದು ಒಣಗಿಸೋದೇ ಮದ್ದು.

ಪೆಟ್ರೋಲ್ ವಾಸನೆ ಬಂದರೆ ಮಾತ್ರ ಈ ಲೇಖನ ಪಕ್ಕಕ್ಕಿಟ್ಟು ಸೀದಾ ಮೆಕ್ಯಾನಿಕ್ ಹತ್ರ ಹೋಗಬೇಕು. ಸೈಲೆನ್ಸರ್ ಹೊಗೆಯ ವಾಸನೆ ಒಳಗೆ ಬಂದರೂ ಅಷ್ಟೇ. ತುಕ್ಕು ಹಿಡಿದು ತೂತಾದ ತಳದಿಂದ ಹೊಗೆ ಒಳಗೆ ನುಗ್ಗುತ್ತೆ. ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೇ ಇಲ್ಲ, ತಲೆ ಸುತ್ತಿ ಎಚ್ಚರ ತಪ್ಪುವವರೆಗೂ ಗೊತ್ತಾಗಲ್ಲ.

ನೀರು ಬರೋದು ಎಲ್ಲಿಂದ?

ಮುಗ್ಗು ಅಂತ ಖಾತ್ರಿಯಾದ ಮೇಲೆ ಹೆಚ್ಚಿನವರು ಮಾಡೋ ತಪ್ಪು ಒಂದೇ: ತೊಳೆಯೋಕೆ ಶುರು ಮಾಡ್ತಾರೆ. ವಾಟರ್ ಸರ್ವಿಸ್‌ಗೆ ಕೊಟ್ಟು, ಒಳಗೆಲ್ಲ ಶಾಂಪೂ ಹಾಕಿಸಿ, ಇನ್ನಷ್ಟು ನೀರು ಕುಡಿಸಿ ಮನೆಗೆ ತರ್ತಾರೆ. ನೀರು ಬರುವ ದಾರಿ ಮುಚ್ಚದೆ ಏನು ತೊಳೆದರೂ ಮುಂದಿನ ಮಳೆಗೆ ಕಥೆ ಮತ್ತೆ ಅದೇ.

ಹಾಗಾಗಿ ಮೊದಲ ಕೆಲಸ ಕಾರು ಬರಿದು ಮಾಡೋದು. ರಬ್ಬರ್ ಮ್ಯಾಟು, ಕಾರ್ಪೆಟ್ಟು, ಅದರ ಕೆಳಗಿನ ನಾರಿನ ಹಾಸು, ಡಿಕ್ಕಿಯ ಹಾಸು, ಸ್ಟೆಪ್ನಿ ಎಲ್ಲ ಹೊರಗೆ. ಹಿಂದಿನ ಸೀಟಿನ ಕೂರುವ ಭಾಗ ಈ ಗಾಡಿಗಳಲ್ಲಿ ಸುಲಭವಾಗಿ ಏಳುತ್ತೆ. ಮುಂದಿನ ಸೀಟಿನ ಬೋಲ್ಟು ತುಕ್ಕು ಹಿಡಿದಿದ್ದರೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಒಂದು ರಾತ್ರಿ ಕಾಯೋದು ಒಳ್ಳೇದು. ಸಿಟ್ಟಲ್ಲಿ ತಿರುಗಿಸಿದರೆ ಬೋಲ್ಟಿನ ತಲೆ ಮುರಿದು ಹೊಸ ಕೆಲಸ ಹುಟ್ಟುತ್ತೆ.

ಆಮೇಲೆ ನೀರಿನ ಪರೀಕ್ಷೆ. ಇದಕ್ಕೆ ಇಬ್ಬರು ಬೇಕು. ತಳಕ್ಕೆಲ್ಲ ಹಳೇ ಪೇಪರ್ ಹಾಸಿ, ಒಬ್ಬರು ಟಾರ್ಚ್ ಹಿಡಿದು ಒಳಗೆ ಕೂತು ಬಾಗಿಲು ಹಾಕಿಕೊಳ್ಳಬೇಕು. ಇನ್ನೊಬ್ಬರು ತೋಟಕ್ಕೆ ನೀರು ಬಿಡುವ ಪೈಪಿನಲ್ಲಿ ಮೆಲ್ಲಗೆ ನೀರು ಹರಿಸಬೇಕು. ಪ್ರೆಷರ್ ಪಂಪ್ ಬೇಡ, ಅದು ಮಳೆಯಲ್ಲಿ ಸೋರದ ಜಾಗದಲ್ಲೂ ನೀರು ನುಗ್ಗಿಸಿ ದಾರಿ ತಪ್ಪಿಸುತ್ತೆ. ಕೆಳಗಿನಿಂದ ಶುರು ಮಾಡಿ ಮೇಲಕ್ಕೆ ಹೋಗೋದು ಮುಖ್ಯ: ಮೊದಲು ಬಾಗಿಲ ಕೆಳಭಾಗ, ಆಮೇಲೆ ಗ್ಲಾಸಿನ ಅಂಚು, ಕೊನೆಗೆ ಟಾಪ್. ಒಂದೊಂದು ಜಾಗಕ್ಕೂ ನಾಲ್ಕೈದು ನಿಮಿಷ ಕೊಡಬೇಕು. ಎಲ್ಲಾ ಕಡೆ ಒಟ್ಟಿಗೆ ನೀರು ಸುರಿದರೆ ಎಲ್ಲಿಂದ ಬಂತು ಅಂತ ದೇವರಿಗೇ ಗೊತ್ತು. ಪೇಪರ್ ಮೇಲೆ ಮೊದಲ ಹನಿ ಎಲ್ಲಿ ಬಿತ್ತೋ ಅಲ್ಲಿಂದ ಮೇಲಕ್ಕೆ ಹುಡುಕುತ್ತಾ ಹೋದರೆ ತೂತು ಸಿಗುತ್ತೆ.

ಮುಂದಿನ ಗ್ಲಾಸಿನ ಸುತ್ತಲಿನ ಬೀಡಿಂಗ್ ರಬ್ಬರ್ ಮೊದಲ ಅನುಮಾನದ ಜಾಗ. ದಶಕಗಳ ಬಿಸಿಲಿಗೆ ಅದು ಗಟ್ಟಿಯಾಗಿ, ಮೂಲೆಗಳಲ್ಲಿ ಬಿರುಕು ಬಿಟ್ಟಿರುತ್ತೆ. ನೀರು ಅಲ್ಲಿಂದ ಡ್ಯಾಶ್‌ಬೋರ್ಡ್ ಹಿಂದೆ ಇಳಿದು, ಯಾರ ಕಣ್ಣಿಗೂ ಬೀಳದೆ ಡ್ರೈವರ್ ಕಾಲ ಬಳಿ ಸೇರುತ್ತೆ. ವೈಪರ್ ಕಡ್ಡಿ ಬಾಡಿಯೊಳಗೆ ಹೋಗುವ ಜಾಗದ ವಾಷರ್, ಡಿಕ್ಕಿ ಬಾಗಿಲ ರಬ್ಬರ್, ಹಿಂದಿನ ಲೈಟುಗಳ ಗ್ಯಾಸ್ಕೆಟ್, ತಳದ ತೂತುಗಳಿಗೆ ಹಾಕಿದ ರಬ್ಬರ್ ಬಿರಡೆ, ಇವೆಲ್ಲ ಆಮೇಲೆ. ಬಿರಡೆ ಬಿದ್ದುಹೋಗಿದ್ದರೆ ಮೇಲಿನ ಮಳೆಯಲ್ಲ, ರಸ್ತೆಯ ಹೊಂಡದ ನೀರೇ ಚಕ್ರದಿಂದ ಚಿಮ್ಮಿ ಒಳಗೆ ಬರುತ್ತೆ.

ಬಾಗಿಲಿನದು ಬೇರೆಯೇ ಲೆಕ್ಕ. ಬಾಗಿಲ ಗ್ಲಾಸಿನ ಸಂದಿಯಿಂದ ಸ್ವಲ್ಪ ನೀರು ಬಾಗಿಲೊಳಗೆ ಇಳಿಯೋದು ಸಹಜ, ಎಲ್ಲಾ ಕಾರಲ್ಲೂ ಇಳಿಯುತ್ತೆ. ಅದು ಹೊರಗೆ ಹೋಗಲಿ ಅಂತಲೇ ಬಾಗಿಲ ಅಡಿಯಲ್ಲಿ ಸಣ್ಣ ತೂತುಗಳಿರುತ್ತವೆ. ಎಲೆ, ಮಣ್ಣು ಸೇರಿ ಆ ತೂತು ಮುಚ್ಚಿದರೆ ಬಾಗಿಲೇ ನೀರಿನ ತೊಟ್ಟಿ. ಮತ್ತೆ ಪೇಂಟ್ ಮಾಡಿಸುವಾಗ, ತಳಕ್ಕೆ ಡಾಂಬರು ಹೊಡೆಸುವಾಗ ಈ ತೂತುಗಳು ಮುಚ್ಚಿಹೋಗೋದೂ ಉಂಟು. ತೆಂಗಿನ ಗರಿಯ ಕಡ್ಡಿಪೊರಕೆಯಿಂದ ಒಂದು ಕಡ್ಡಿ ಎಳೆದುಕೊಂಡರೆ ಸಾಕು, ಪೇಂಟ್ ಕೆರೆಯದ ಹಾಗೆ ಬಿಡಿಸಬಹುದು. ಖರ್ಚಿಲ್ಲದ ಕೆಲಸ ಇದು. ಆದರೂ ಮಾಡುವವರು ಕಡಿಮೆ.

ರಬ್ಬರ್ ಹೋಗಿದ್ದರೆ ಹೊಸದು ಹಾಕಿಸೋದೇ ಸರಿ. ಮೇಲಿಂದ ಸಿಲಿಕಾನ್ ಮೆತ್ತಿದರೆ ಒಂದು ಮಳೆಗಾಲ ಕಳೆಯಬಹುದು, ಆದರೆ ಸಿಲಿಕಾನ್ ಅಡಿಯಲ್ಲಿ ಸಿಕ್ಕಿಹಾಕಿಕೊಂಡ ನೀರು ಗ್ಲಾಸಿನ ಅಂಚಿನ ತಗಡನ್ನು ತಿಂದು ಹಾಕುತ್ತೆ.

ತಳದ ತಗಡು

ಕಾರ್ಪೆಟ್ ತೆಗೆದಾಗ ಕಾಣೋ ತಗಡನ್ನು ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ ನೋಡಬೇಕು. ಗಟ್ಟಿ ತಗಡು ಟಣ್ ಅನ್ನುತ್ತೆ. ತುಕ್ಕು ತಿಂದ ಜಾಗ ಬಡ್ಡೆಂದು ಸದ್ದು ಕೊಡುತ್ತೆ, ಮೊನೆಯಿಂದ ಒತ್ತಿದರೆ ಒಳಗಿಳಿಯುತ್ತೆ. ಮೇಲ್ಮೈ ತುಕ್ಕು ಮಾತ್ರ ಆದರೆ ತಂತಿ ಬ್ರಶ್ಶಿನಿಂದ ಉಜ್ಜಿ, ಪೂರಾ ಒಣಗಿಸಿ, ಪ್ರೈಮರ್ ಹೊಡೆದು ಪೇಂಟ್ ಹಚ್ಚಿದರೆ ಸಾಕು. ಒಳಗಿಳಿದರೆ ಹಾಳಾದ ತಗಡು ಕತ್ತರಿಸಿ ಹೊಸದನ್ನು ವೆಲ್ಡಿಂಗ್ ಮಾಡಿಸಲೇಬೇಕು. ವೆಲ್ಡಿಂಗ್‌ಗೆ ಮುಂಚೆ ಬ್ಯಾಟರಿ ಕಳಚಬೇಕು, ಸೀಟು-ಕಾರ್ಪೆಟ್ ಒಳಗಿರಬಾರದು, ಪೆಟ್ರೋಲ್ ಟ್ಯಾಂಕ್ ಮತ್ತು ಪೈಪು ಎಲ್ಲಿವೆ ಅಂತ ನೋಡಿಕೊಳ್ಳಬೇಕು. ತುಕ್ಕಿನ ಮೇಲೇ ಡಾಂಬರು ಶೀಟ್ ಅಂಟಿಸಿ ‘ಕ್ಲೀನ್ ಆಯ್ತು ಸಾರ್’ ಅನ್ನುವ ಕೆಲಸ ಒಪ್ಪಿಕೊಳ್ಳಬಾರದು. ಅದು ಗಾಯ ತೊಳೆಯದೆ ಪಟ್ಟಿ ಕಟ್ಟಿದ ಹಾಗೆ.

ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2021ರಲ್ಲಿ ಆದ ತಿದ್ದುಪಡಿ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಗಾಡಿಗಳಿಗೆ ಮಾತ್ರ ‘ವಿಂಟೇಜ್’ ನೋಂದಣಿ. ಹೊಸ ನೋಂದಣಿಗೆ ಶುಲ್ಕ 20 ಸಾವಿರ ರೂಪಾಯಿ, ನಂಬರ್ ಪ್ಲೇಟಿನಲ್ಲಿ ರಾಜ್ಯದ ಅಕ್ಷರಗಳ ನಂತರ ‘ವಿಎ’ ಎಂಬ ಇಂಗ್ಲಿಷ್ ಅಕ್ಷರಗಳು ಬರುತ್ತವೆ. ಚಾಸಿ, ಬಾಡಿ, ಎಂಜಿನ್ ದೊಡ್ಡ ಮಟ್ಟದಲ್ಲಿ ಬದಲಾಗಿರಬಾರದು ಅನ್ನೋದು ಷರತ್ತು. ಅಂದರೆ 80ರ ದಶಕದ ಪದ್ಮಿನಿ ಕಾನೂನಿನ ಲೆಕ್ಕದಲ್ಲಿ ಇನ್ನೂ ವಿಂಟೇಜ್ ಅಲ್ಲ. ಆ ನೋಂದಣಿ ಆಸೆ ಇದ್ದವರು ಬಾಡಿ ಕೊಳೆಯಲು ಬಿಡದೆ ಈಗಿಂದಲೇ ಉಳಿಸಿಕೊಳ್ಳಬೇಕಷ್ಟೆ.

ಸೀಟಿನ ಹೊಟ್ಟೆಯಲ್ಲಿ ಏನಿದೆ

ಹೊಸ ಕಾರಿಗೂ ಹಳೇ ಕಾರಿಗೂ ಇರುವ ದೊಡ್ಡ ವ್ಯತ್ಯಾಸ ಇಲ್ಲಿದೆ. ಹಳೇ ಸೀಟುಗಳ ಒಳಗೆ ಸ್ಪ್ರಿಂಗು, ಅದರ ಮೇಲೆ ತೆಂಗಿನ ನಾರು, ಹತ್ತಿ, ಗೋಣಿ ಬಟ್ಟೆ, ಮೇಲೆ ರೆಕ್ಸಿನ್. ನಾರೂ ಹತ್ತಿಯೂ ನೀರು ಕುಡಿದರೆ ಬಿಡೋದಿಲ್ಲ. ಮೇಲಿನ ರೆಕ್ಸಿನ್ ಗಾಳಿ ಆಡಲು ಬಿಡಲ್ಲ. ಮುಟ್ಟಿದರೆ ಒಣಗಿದ ಹಾಗೆ ಅನ್ನಿಸುತ್ತೆ, ಒಳಗೆ ತಿಂಗಳುಗಟ್ಟಲೆ ತೇವ ಇರುತ್ತೆ. ಬೂಷ್ಟಿಗೆ ಬೇಕಾದ ಊಟ, ನೀರು, ಕತ್ತಲು ಮೂರೂ ಒಂದೇ ಕಡೆ.

ಸೀಟನ್ನು ಹೊರಗೆ ತಂದು ತಲೆಕೆಳಗಾಗಿ ಇಡಬೇಕು. ಕೆಳಗಿನ ತೆರೆದ ಭಾಗ ಬಿಸಿಲಿಗೆ, ರೆಕ್ಸಿನ್ ನೆರಳಿಗೆ. ಹಳೇ ರೆಕ್ಸಿನ್ನಿಗೆ ನೇರ ಬಿಸಿಲು ಹೊಡೆದರೆ ಹಪ್ಪಳದ ಹಾಗೆ ಒಡೆಯುತ್ತೆ. ಚರ್ಮದ ಸೀಟಾದರೆ ಬಿಸಿಲೇ ಬೇಡ, ನೆರಳಲ್ಲಿ ಗಾಳಿಗೆ ಬಿಟ್ಟರೆ ಸಾಕು. ಎರಡು ಮೂರು ದಿನ ಒಳ್ಳೇ ಬಿಸಿಲು ಕಂಡ ಮೇಲೂ ಮೂಗು ಹತ್ತಿರ ಹಿಡಿದಾಗ ವಾಸನೆ ಬಂದರೆ ನಾರು ಕೊಳೆತಿದೆ ಅಂತಲೇ ತಿಳಿಯಬೇಕು. ಆಗ ಸೀಟು ಹೊಲಿಯುವವರ ಹತ್ರ ರೆಕ್ಸಿನ್ ಉಳಿಸಿಕೊಂಡು ಒಳಗಿನ ನಾರು ಮಾತ್ರ ಬದಲಿಸಲು ಹೇಳಬಹುದು. ಸ್ಪ್ರಿಂಗಿನ ತುಕ್ಕು ಉಜ್ಜಿ ಪೇಂಟ್ ಹಚ್ಚಲು ಅದೇ ಸರಿಯಾದ ಸಮಯ. ತಳಕ್ಕೆ ಹಾಸಿದ ನಾರಿನ ಫೆಲ್ಟ್ ಮುಗ್ಗಿದ್ದರೆ ಉಳಿಸುವ ಪ್ರಯತ್ನವೇ ಬೇಡ, ಬಿಸಾಕಿ ಹೊಸದು ಹಾಕಿಸೋದು ಅಗ್ಗ.

ರೆಕ್ಸಿನ್, ಬಾಗಿಲ ಪ್ಯಾಡ್, ಸ್ಟೇರಿಂಗ್ ಮೇಲೆ ಬಿಳಿ ಬೂಷ್ಟು ಕಂಡರೆ ಅಂಗಳದಲ್ಲೇ ಒರೆಸಬೇಕು, ಮನೆಯೊಳಗೆ ತರಬಾರದು. ಬಾಯಿ-ಮೂಗಿಗೆ ಎನ್‌95 ಮಾಸ್ಕ್ ಇರಲಿ. ಒಣ ಬ್ರಶ್ಶಿನಲ್ಲಿ ಉಜ್ಜಿದರೆ ಕಣಗಳು ಹಾರುತ್ತವೆ, ಆದ್ದರಿಂದ ಮೊದಲೇ ಸ್ವಲ್ಪ ಒದ್ದೆ ಮಾಡಿದ ಬಟ್ಟೆ. ಅಂಗಡಿಯಲ್ಲಿ ಸಿಗುವ ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ, ಬಟ್ಟೆಗೆ ಹಾಕಿ ಹಿಂಡಿ ಒರೆಸಿ, ಆಮೇಲೆ ಬರೀ ನೀರಿನ ಬಟ್ಟೆ, ಕೊನೆಗೆ ಒಣ ಬಟ್ಟೆ. ಚರ್ಮಕ್ಕೆ ವಿನೆಗರ್ ಬೇಡ, ಬರಿ ತಗಡಿನ ಮೇಲೆ ಬಿದ್ದರೆ ಕೂಡಲೇ ಒರೆಸಬೇಕು. ಟಾಪಿನ ಒಳಬಟ್ಟೆ ಮಾತ್ರ ನಾಜೂಕು. ನೆನೆದರೆ ಕಲೆ ಬೀಳುತ್ತೆ, ಜೋತುಬೀಳುತ್ತೆ. ತೇವದ ಬಟ್ಟೆಯಲ್ಲಿ ಮೆಲ್ಲಗೆ ತಟ್ಟಿ ತೆಗೆಯೋದಕ್ಕಿಂತ ಹೆಚ್ಚು ಮಾಡಬಾರದು.

ಬ್ಲೀಚಿಂಗ್ ಪೌಡರ್ ಹತ್ರವೂ ತರಬಾರದು. ತಗಡಿಗೆ ತುಕ್ಕು, ಬಟ್ಟೆಗೆ ಬಿಳಿಚು. ವಿನೆಗರ್ ಜೊತೆ ಸೇರಿದರೆ ವಿಷದ ಕ್ಲೋರಿನ್ ಅನಿಲವೇ ಏಳುತ್ತೆ, ಮುಚ್ಚಿದ ಕಾರಿನೊಳಗೆ ಅದು ಜೀವಕ್ಕೆ ಅಪಾಯ. ಫಿನಾಯಿಲ್, ಕರ್ಪೂರ, ನುಸಿಗುಳಿಗೆ ಯಾವುದೂ ವಾಸನೆ ತೆಗೆಯಲ್ಲ, ತಮ್ಮ ವಾಸನೆ ಸೇರಿಸುತ್ತವೆ ಅಷ್ಟೆ.

ಒಣಗಿಸೋದೇ ಕಷ್ಟದ ಕೆಲಸ

ಬಯಲುಸೀಮೆಯವರಿಗೆ ‘ಬಿಸಿಲಿಗೆ ಇಡಿ’ ಅಂದರೆ ಮುಗಿಯಿತು. ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7 ಸಾವಿರ ಮಿಲಿಮೀಟರ್ ದಾಟುವ ತಾಲ್ಲೂಕಿನಲ್ಲಿ ಆ ಮಾತಿಗೆ ಅರ್ಥವಿಲ್ಲ. ಗಾಳಿಯ ತೇವಾಂಶ ಶೇ. 70 ದಾಟಿತೆಂದರೆ ಬೂಷ್ಟು ಹಾಯಾಗಿ ಬೆಳೆಯುತ್ತೆ, ಆಷಾಢದಲ್ಲಿ ಇಲ್ಲಿ ತಿಂಗಳುಗಟ್ಟಲೆ ಅದಕ್ಕಿಂತ ಕೆಳಗೆ ಇಳಿಯೋದೇ ಕಷ್ಟ. ಆಗ ಕಿಟಕಿ ತೆರೆದಿಟ್ಟರೆ ಒಳಗೆ ಬರೋದು ಒದ್ದೆ ಗಾಳಿಯೇ. ಆದ್ದರಿಂದ ದೊಡ್ಡ ಕೆಲಸ ಎಲ್ಲ ಫೆಬ್ರವರಿಯಿಂದ ಏಪ್ರಿಲ್ ಒಳಗೆ ಮುಗಿಸಬೇಕು. ಆಗದಿದ್ದರೆ ದೀಪಾವಳಿ ಕಳೆದು ಬಿಸಿಲು ಗಟ್ಟಿಯಾದ ಮೇಲೆ.

ಬರಿದಾದ ಕಾರನ್ನು ಬಿಸಿಲಲ್ಲಿ ನಿಲ್ಲಿಸಿ, ನಾಲ್ಕೂ ಬಾಗಿಲು ಡಿಕ್ಕಿ ತೆರೆದು, ಒಂದು ಬಾಗಿಲಿಗೆ ಟೇಬಲ್ ಫ್ಯಾನ್ ಇಟ್ಟರೆ ಅರ್ಧ ಕೆಲಸ ಆಯ್ತು. ಸಂಜೆ ಇಬ್ಬನಿಗೆ ಮುಂಚೆ ಮುಚ್ಚಬೇಕು. ಕಾರೊಳಗೆ ದೊಡ್ಡ ಬಲ್ಬ್ ಉರಿಸಿ ರಾತ್ರಿಯಿಡೀ ಬಿಡುವ ರೂಢಿ ಬೆಂಕಿಗೆ ದಾರಿ. ಅಡಿಕೆ ಡ್ರೈಯರಲ್ಲಿ ಸೀಟು ಒಣಗಿಸಬಹುದಲ್ಲ ಅನ್ನಿಸಬಹುದು. ಸೌದೆ ಡ್ರೈಯರಾದರೆ ಮುಗ್ಗು ಹೋಗಿ ಹೊಗೆ ವಾಸನೆ ಕೂರುತ್ತೆ, ಅದನ್ನು ತೆಗೆಯೋದು ಇನ್ನೂ ಕಷ್ಟ.

ಒಣಗಿತೋ ಇಲ್ಲವೋ ತಿಳಿಯಲು ಸುಲಭದ ದಾರಿ ಇದೆ. ಮತ್ತೆ ಹಾಸಿದ ಕಾರ್ಪೆಟ್ ಮೇಲೆ ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆ ಇಟ್ಟು ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ ಒಂದು ರಾತ್ರಿ ಬಿಡಬೇಕು. ಬೆಳಿಗ್ಗೆ ಹಾಳೆಯ ಅಡಿಯಲ್ಲಿ ಹನಿ ಕಂಡರೆ ಕೆಳಗೆ ತೇವ ಇದೆ ಅಂತ.

ಪೂರಾ ಒಣಗಿದ ಮೇಲೆ ಉಳಿದ ಚೂರುಪಾರು ವಾಸನೆಗೆ ಅಡಿಗೆ ಸೋಡಾ ಸಾಕು. ಬಟ್ಟೆ, ಕಾರ್ಪೆಟ್ ಮೇಲೆ ತೆಳುವಾಗಿ ಉದುರಿಸಿ, ರಾತ್ರಿ ಬಿಟ್ಟು, ಬೆಳಿಗ್ಗೆ ವ್ಯಾಕ್ಯೂಮ್‌ನಲ್ಲಿ ಎಳೆದರೆ ಆಯ್ತು. ಬಟ್ಟೆ ಚೀಲದಲ್ಲಿ ಇದ್ದಿಲು ಕಟ್ಟಿ ಸೀಟಿನ ಕೆಳಗೆ ಇಡೋದೂ ಒಳ್ಳೇ ಉಪಾಯವೇ. ಅಂಗಡಿಯಲ್ಲಿ ಸಿಗುವ ಆಕ್ಟಿವೇಟೆಡ್ ಇದ್ದಿಲು ಒಲೆಯ ಇದ್ದಿಲಿಗಿಂತ ಬಹಳ ಹೆಚ್ಚು ಹೀರುತ್ತೆ. ಒದ್ದೆ ಇರುವಾಗ ಇವೆರಡನ್ನೂ ಹಾಕಿದರೆ ದಂಡ.

ಅಂಗಡಿಯವರು ಗಿರಾಕಿಗೆ ಹೇಳಬೇಕಾದ ಮಾತು ಒಂದಿದೆ. ಬೀರುವಿನೊಳಗೆ ಇಡಲು ಮಾರುವ, ನೀರು ಹೀರಿಕೊಂಡು ತುಂಬುವ ಡಬ್ಬಿಗಳಲ್ಲಿ ಸಾಮಾನ್ಯವಾಗಿ ಇರೋದು ಕ್ಯಾಲ್ಸಿಯಂ ಕ್ಲೋರೈಡ್, ಅಂದರೆ ಒಂದು ಬಗೆಯ ಉಪ್ಪು. ಬೀರುವಿಗೆ ಸರಿ. ಓಡುವ ಕಾರಿನಲ್ಲಿ ತಿರುವಿಗೆ ಮಗುಚಿ ಆ ಉಪ್ಪುನೀರು ತಳಕ್ಕೆ ಚೆಲ್ಲಿದರೆ ತುಕ್ಕನ್ನು ಕರೆದು ಕೂರಿಸಿದ ಹಾಗೆ. ನಿಂತ ಕಾರಿನಲ್ಲಿ, ಅದೂ ಅಗಲದ ಪ್ಲಾಸ್ಟಿಕ್ ಬೇಸಿನ್ ಒಳಗಿಟ್ಟು ಬಳಸಬೇಕು, ಹೊರಡುವಾಗ ತೆಗೆಯಬೇಕು. ಕಲ್ಲುಪ್ಪಿನ ಬಟ್ಟಲು ಇಡುವವರಿಗೂ ಇದೇ ಮಾತು. ಸಿಲಿಕಾ ಜೆಲ್ ಚೀಲಕ್ಕೆ ಈ ತೊಂದರೆ ಇಲ್ಲ.

ಶೆಡ್ಡಿನ ಕಡೆಗೂ ಒಂದು ಕಣ್ಣು

ಕಾರು ಸರಿಹೋದರೂ ಶೆಡ್ಡು ಸರಿ ಇಲ್ಲದಿದ್ದರೆ ಪ್ರಯೋಜನವಿಲ್ಲ. ಮಣ್ಣಿನ ನೆಲದಿಂದ ರಾತ್ರಿಯಿಡೀ ತೇವ ಏಳುತ್ತೆ. ಸಿಮೆಂಟ್ ಹಾಕಿಸಲು ಆಗದಿದ್ದರೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ಚಕ್ರ ನಿಲ್ಲುವಲ್ಲಿ ಹಲಗೆ ಇಡಬಹುದು. ಕಾರಿಗೆ ನೇರವಾಗಿ ಟಾರ್ಪಾಲು ಹೊದಿಸಿದರೆ ಒಳಗೆ ಬೆವರುತ್ತೆ. ಹತ್ತಿ ಬಟ್ಟೆಯ ಹೊದಿಕೆ ಸಾಕು, ಮಳೆ ತಡೆಯೋದು ಶೆಡ್ಡಿನ ಕೆಲಸ. ಯೂರಿಯಾ, ಪೊಟ್ಯಾಶ್ ಚೀಲ, ಬೋರ್ಡೋ ದ್ರಾವಣಕ್ಕೆ ತಂದ ಮೈಲುತುತ್ತ ಅದೇ ಶೆಡ್ಡಿನಲ್ಲಿ ಇಡೋದು ನಮ್ಮಲ್ಲಿ ಮಾಮೂಲು. ಗೊಬ್ಬರದ ಚೀಲ ಗಾಳಿಯ ತೇವ ಎಳೆದು ನೀರೊಡೆಯುತ್ತೆ, ಇವುಗಳ ಪುಡಿ ತಗಡಿಗೆ ಕೂತರೆ ತುಕ್ಕು ಬೇಗ ಹಿಡಿಯುತ್ತೆ. ಜಾಗ ಬೇರೆ ಮಾಡಬೇಕು. ಒದ್ದೆ ಕೊಡೆ, ರೇನ್‌ಕೋಟು, ಕಂಬಳಿ ಕೊಪ್ಪೆ ಕಾರಿನೊಳಗೇ ಬಿಟ್ಟು ಬೀಗ ಹಾಕೋದಂತೂ ಬೇಡವೇ ಬೇಡ.

ವಾರಕ್ಕೊಮ್ಮೆ ಎಂಜಿನ್ ಸ್ಟಾರ್ಟ್ ಮಾಡಿ ಐದು ನಿಮಿಷಕ್ಕೆ ಬಂದ್ ಮಾಡಿದರೆ ಉಪಕಾರಕ್ಕಿಂತ ಅಪಕಾರ, ಸೈಲೆನ್ಸರ್‌ನಲ್ಲಿ ನೀರು ಉಳಿಯುತ್ತೆ. ಮಳೆ ಬಿಟ್ಟ ದಿನ ಕಿಟಕಿ ಇಳಿಸಿ ಅರ್ಧ ಗಂಟೆ ಓಡಿಸಿ ಬಂದರೆ ಎಂಜಿನ್ ಬಿಸಿಗೂ ಗಾಳಿಗೂ ಒಳಗಿನ ತೇವ ಹೊರಡುತ್ತೆ.

ಹಳೇ ಕಾರು ಕೊಳ್ಳಲು ಹೊರಟವರಿಗೂ ಮೂಗೇ ದೊಡ್ಡ ಮೆಕ್ಯಾನಿಕ್. ಗಾಡಿಯೊಳಗೆ ಪರ್ಫ್ಯೂಮ್ ಘಮಘಮ ಅಂತಿದ್ದರೆ ಅನುಮಾನಪಡಬೇಕು. ಕಿಟಕಿ ಎಲ್ಲ ಏರಿಸಿ ಬಿಸಿಲಲ್ಲಿ ಅರ್ಧ ಗಂಟೆ ನಿಲ್ಲಿಸಿ ಬಾಗಿಲು ತೆಗೆದರೆ ಅಡಗಿದ ಮುಗ್ಗು ಹೊರಬರುತ್ತೆ. ಆಮೇಲೆ ಮ್ಯಾಟ್ ಎತ್ತಿ, ಹಿಂದಿನ ಸೀಟು ಎತ್ತಿ, ಸ್ಟೆಪ್ನಿ ತೆಗೆದು ನೋಡಬೇಕು. ಮೂಲೆಗಳಲ್ಲಿ ನಯವಾದ ಕೆಸರಿನ ಪದರ ಕಂಡರೆ ಗಾಡಿ ನೆರೆನೀರಲ್ಲಿ ಮುಳುಗಿ ಬಂದಿರಬಹುದು. ಮ್ಯಾಟ್ ಎತ್ತಲು ಮಾರುವವರು ಒಪ್ಪದಿದ್ದರೆ ಅಡ್ವಾನ್ಸ್ ಕೊಡದೆ ವಾಪಸ್ ಬರೋದು ಲೇಸು.